ಮರದ ಚೌಕಟ್ಟಿನ ಮನೆ: ಸಿಎಫ್‌ಟಿ ಲೆಕ್ಕ ಸಾಲದು, ಜಾಯಿಂಟ್ ಎಣಿಸಿ

ಪ್ರಶ್ನೆ: ಮರದ ಚೌಕಟ್ಟಿನ ಮನೆ ಕಟ್ಟಬೇಕು ಅಂತ ಆಸೆ. ಅಳತೆ 24 ಅಡಿಗೆ 36 ಅಡಿ, ಒಂದೇ ಅಂತಸ್ತು, ಎರಡು ಕಡೆ ಇಳಿಜಾರಿನ ಮಾಡು. ಇಬ್ಬರ ಹತ್ತಿರ ಖರ್ಚು ಕೇಳಿದೆವು. ಒಬ್ಬರು ಹೇಳಿದ ಚದರಡಿ ದರ ಇನ್ನೊಬ್ಬರದ್ದಕ್ಕಿಂತ ಹೆಚ್ಚೂಕಡಿಮೆ ಎರಡರಷ್ಟಿದೆ. ಇಬ್ಬರೂ ಕೆಲಸ ಗೊತ್ತಿದ್ದವರೇ. ಯಾರನ್ನು ನಂಬೋದು? ನಾವೇ ಒಂದು ಅಂದಾಜು ಹಾಕಿಕೊಳ್ಳೋಕೆ ದಾರಿ ಇದೆಯಾ?

ಉತ್ತರ: ಇಬ್ಬರೂ ನಿಜವನ್ನೇ ಹೇಳಿರಬಹುದು. ಆದರೆ ಬೇರೆ ಬೇರೆ ಮನೆಯ ಬಗ್ಗೆ ಹೇಳಿರಬಹುದು. ಮೊದಲು ಅದನ್ನು ಬಗೆಹರಿಸಿಕೊಳ್ಳಿ.

‘ಮರದ ಚೌಕಟ್ಟು’ ಎಂಬ ಒಂದೇ ಹೆಸರಿನಲ್ಲಿ ಎರಡು ಪದ್ಧತಿ ನಡೆಯುತ್ತಿವೆ. ಒಂದು ಹಳೆಯದು. ದಪ್ಪ ಕಂಬ, ದಪ್ಪ ತೊಲೆ, ಒಂದು ಮರದಲ್ಲಿ ತೂತು, ಇನ್ನೊಂದರ ತುದಿಯಲ್ಲಿ ಅದಕ್ಕೆ ಸರಿಯಾದ ನಾಲಿಗೆ, ಎರಡನ್ನೂ ಹಿಡಿದಿಡಲು ಅಡ್ಡಕ್ಕೆ ಮರದ ಗೂಟ. ಮರಕ್ಕೆ ಮರ ಹೀಗೆ ಕೂಡುವ ಜಾಗವೇ ಜಾಯಿಂಟ್. ಮನೆ ಮುಗಿದ ಮೇಲೂ ಮರ ಕಣ್ಣಿಗೆ ಕಾಣುತ್ತದೆ. ಇನ್ನೊಂದು, 19ನೇ ಶತಮಾನದಲ್ಲಿ ಅಮೆರಿಕದಲ್ಲಿ ಬೆಳೆದ ತೆಳು ಪಟ್ಟಿಗಳ ಪದ್ಧತಿ. 2 ಇಂಚು ದಪ್ಪದ ಪಟ್ಟಿಗಳನ್ನು 16 ಇಂಚಿಗೋ 24 ಇಂಚಿಗೋ ಒಂದರಂತೆ ನಿಲ್ಲಿಸಿ, ಮೊಳೆ ಹೊಡೆದು, ಮೇಲೆ ಹಲಗೆ ಮುಚ್ಚುವುದು. ಮರ ಒಂದಿಷ್ಟೂ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ ಇವತ್ತು ಬಿಲ್ಡರ್ ‘ಟಿಂಬರ್ ಫ್ರೇಮ್’ ಅಂದರೆ ಸಾಮಾನ್ಯವಾಗಿ ಈ ಎರಡನೆಯದೇ. ಅಮೆರಿಕದಲ್ಲಿ ಅದೇ ಮಾತಿಗೆ ಮೊದಲನೆಯ ಅರ್ಥ. ಅಂತರ್ಜಾಲದಲ್ಲಿ ಓದಿಕೊಂಡು ಮಾತಾಡುವಾಗ ಇವೆರಡೂ ಕಲಸಿಹೋಗುತ್ತವೆ. ನಿಮಗೆ ಕಡಿಮೆ ದರ ಹೇಳಿದವರ ತಲೆಯಲ್ಲಿ ಪಟ್ಟಿ ಗೋಡೆ ಇತ್ತಾ, ಕಂಬ ತೊಲೆ ಇತ್ತಾ ಅಂತ ಕೇಳಿ ನೋಡಿ. ಅರ್ಧ ಗೊಂದಲ ಅಲ್ಲೇ ಮುಗಿಯಬಹುದು.

ಉಳಿದರ್ಧ ಗೊಂದಲ ಇನ್ನೊಂದು ಕಡೆ ಇರುತ್ತದೆ. ಆ ದರದಲ್ಲಿ ಏನೇನು ಸೇರಿದೆ? ಬರೀ ಮರ ಕೊಯ್ದು, ಜಾಯಿಂಟ್ ಮಾಡಿ, ಲಾರಿಗೆ ಏರಿಸಿ ಕಳುಹಿಸುವುದಾ? ನಿಲ್ಲಿಸಿ ಕೊಡುವುದೂ ಸೇರಿದೆಯಾ? ಗೋಡೆ, ಮಾಡು, ಕಿಟಕಿ, ವೈರಿಂಗ್, ಬಚ್ಚಲು ಎಲ್ಲ ಮುಗಿಸಿ ಕೀಲಿಕೈ ಕೊಡುವುದಾ? ನಾನು ನೋಡಿದ ಲೆಕ್ಕಗಳಲ್ಲಿ ಚೌಕಟ್ಟು ಒಂದರದ್ದೇ ಖರ್ಚು ಪೂರ್ತಿ ಮನೆಯ ಖರ್ಚಿನ ಐದನೇ ಒಂದು ಭಾಗದ ಆಚೀಚೆ ಬರುತ್ತದೆ. ಮರ ಅಷ್ಟೊಂದು ಕಣ್ಣಿಗೆ ಹೊಡೆಯುವುದರಿಂದ ಮನೆಯ ದುಡ್ಡೆಲ್ಲ ಅಲ್ಲೇ ಹೋಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಿಲ್ಲ.

ಇನ್ನು ನೀವೇ ಲೆಕ್ಕ ಹಾಕುವ ದಾರಿ. ಚದರಡಿ ದರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಒಂದು ಹಾಳೆ, ಪೆನ್ಸಿಲ್ ತಗೊಳ್ಳಿ. ನಿಮ್ಮದೇ ಅಳತೆಯಲ್ಲಿ ಒಂದು ಸರಳ ಚೌಕಟ್ಟು ಮಾಡೋಣ.

ಉದ್ದ 36 ಅಡಿ. 12 ಅಡಿಗೊಂದು ಕಂಬದ ಸಾಲು ಅಂದರೆ ನಾಲ್ಕು ಸಾಲು. ಪ್ರತಿ ಸಾಲಿನಲ್ಲಿ ಎರಡು ತುದಿಗೆ ಎರಡು, ನಡುವೆ ಒಂದು, ಹೀಗೆ ಮೂರು ಕಂಬ. ಒಟ್ಟು 12. ಕಂಬ 8 ಇಂಚಿಗೆ 8 ಇಂಚು, ಎತ್ತರ 10 ಅಡಿ. ಮರದ ಲೆಕ್ಕಕ್ಕೆ ಒಂದೇ ಸೂತ್ರ: ಅಗಲದ ಇಂಚನ್ನು ದಪ್ಪದ ಇಂಚಿನಿಂದ ಗುಣಿಸಿ, ಅದನ್ನು ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿ. ಬರುವುದು ಘನ ಅಡಿ, ಅಂದರೆ ಮಿಲ್ಲಿನವರ ಸಿಎಫ್‌ಟಿ. ಒಂದು ಕಂಬಕ್ಕೆ 4.44 ಸಿಎಫ್‌ಟಿ, 12ಕ್ಕೆ 53.

ಪ್ರತಿ ಸಾಲಿನ ಮೇಲೆ 24 ಅಡಿಯ ಅಡ್ಡ ತೊಲೆ, 8ಕ್ಕೆ 10 ಇಂಚು. ನಾಲ್ಕಕ್ಕೆ ಮತ್ತೆ 53. ಎರಡು ಬದಿಯಲ್ಲಿ ಮನೆಯುದ್ದಕ್ಕೂ ಹೋಗುವ ಉದ್ದ ತೊಲೆ, 8ಕ್ಕೆ 8. ಎರಡಕ್ಕೆ 32. ಮಾಡಿನ ನೆತ್ತಿ ಅಡ್ಡ ತೊಲೆಯಿಂದ 9 ಅಡಿ ಮೇಲೆ ಇದೆ ಅನ್ನಿ. ಅರ್ಧ ಅಗಲ 12, ಎತ್ತರ 9, ಹಾಗಾದರೆ ಓರೆ ಉದ್ದ ಸರಿಯಾಗಿ 15 ಅಡಿ. ಸೂರು 2 ಅಡಿ ಹೊರಗೆ ಚಾಚಿದರೆ ಇನ್ನೂ ಎರಡೂವರೆ ಅಡಿ ಸೇರಿ ಹದಿನೇಳೂವರೆ. ಮಿಲ್ಲಿನಲ್ಲಿ ಹದಿನೇಳೂವರೆ ಸಿಗುವುದಿಲ್ಲ, 18 ಬರೆಯಿರಿ. 6ಕ್ಕೆ 8 ಇಂಚಿನ ಇಂಥ ದಪ್ಪ ಪಕಾಸಿ ಎಂಟು ಬೇಕು: 48 ಸಿಎಫ್‌ಟಿ. ಅವುಗಳ ಮೇಲೆ ಉದ್ದಕ್ಕೆ ಮಲಗುವ ಪರ್ಲಿನ್, ಒಂದೊಂದು ಇಳಿಜಾರಿಗೆ ಮೂರು ಸಾಲು. ಎರಡು ತುದಿಯಲ್ಲೂ 2 ಅಡಿ ಚಾಚು ಕೊಟ್ಟರೆ ಒಂದೊಂದು 40 ಅಡಿ, 6ಕ್ಕೆ 6: ಆರು ಸಾಲಿಗೆ 60. ನೆತ್ತಿಯ ತೊಲೆ 13. ಕೊನೆಗೆ ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ಕೊಡುವ ಬ್ರೇಸ್. ನಾಲ್ಕು ಅಡಿಯ 24 ತುಂಡು, 4ಕ್ಕೆ 6: 16 ಸಿಎಫ್‌ಟಿ.

ಎಲ್ಲ ಕೂಡಿಸಿದರೆ 276 ಸಿಎಫ್‌ಟಿ. ತುದಿ ಕತ್ತರಿಸುವುದು, ಸೀಳು, ಗಂಟು ಬಂದು ಬಿಡುವುದು ಇದಕ್ಕೆಲ್ಲ ನೂರಕ್ಕೆ ಹತ್ತು ಸೇರಿಸಿದರೆ 304ರ ಹತ್ತಿರ. ಮೀಟರ್ ಲೆಕ್ಕದವರಿಗೆ ಸುಮಾರು 8.6 ಘನ ಮೀಟರ್.

ಈ ಅಳತೆಗಳು ಲೆಕ್ಕ ಕಲಿಸೋಕೆ ಮಾತ್ರ. ಯಾವ ತೊಲೆ ಎಷ್ಟು ದಪ್ಪ ಇರಬೇಕು ಅನ್ನುವುದನ್ನು ಮರದ ಜಾತಿ, ಮಾಡಿನ ಭಾರ, ಗಾಳಿ, ಹಿಮ ನೋಡಿ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ಅವರ ಫೀಸು ಉಳಿಸಲು ಹೋಗಬೇಡಿ. ಅವರು ಮರವನ್ನೂ ಉಳಿಸುತ್ತಾರೆ. ಒಂದು ಉದಾಹರಣೆ: 8ಕ್ಕೆ 8ರ ತೊಲೆ, 6ಕ್ಕೆ 11ರ ತೊಲೆ, ಎರಡರಲ್ಲೂ ಮರ ಹೆಚ್ಚೂಕಡಿಮೆ ಅಷ್ಟೇ. ಆದರೆ ಎತ್ತರವಾಗಿ ನಿಲ್ಲಿಸಿದ 6ಕ್ಕೆ 11 ನೂರಕ್ಕೆ 40ರಷ್ಟು ಜಾಸ್ತಿ ಭಾರ ಹೊರುತ್ತದೆ. ತೊಲೆಯ ಶಕ್ತಿ ಅದರ ಎತ್ತರದ ವರ್ಗದ ಮೇಲೆ ನಿಂತಿದೆ. ಬಗ್ಗುವಿಕೆಯ ಲೆಕ್ಕ ಇನ್ನೂ ಕಠಿಣ. ಅಡಿಯೊಂದಕ್ಕೆ ಬೀಳುವ ಭಾರ ಅಷ್ಟೇ ಇದ್ದು ಕಂಬಗಳ ಅಂತರ ಎರಡರಷ್ಟಾದರೆ ಅದೇ ತೊಲೆ 16 ಪಟ್ಟು ಬಗ್ಗುತ್ತದೆ. ‘ನಡುವಿನ ಕಂಬ ಬೇಡ, ಹಾಲ್ ಖುಲ್ಲಾ ಇರಲಿ’ ಅನ್ನುವ ಒಂದು ಮಾತಿಗೆ ಎಷ್ಟು ಬೆಲೆ ಅಂತ ಈಗ ಗೊತ್ತಾಯಿತಲ್ಲ.

ನಡುವಿನ ಕಂಬದಿಂದ ಇನ್ನೊಂದು ಉಪಕಾರ ಇದೆ. 24 ಅಡಿಯ ಒಂದೇ ತುಂಡು ತೊಲೆ ಸಿಗುವುದೇ ಕಷ್ಟ, ಸಿಕ್ಕರೆ ಸಿಎಫ್‌ಟಿ ದರವೇ ಬೇರೆ. ಉದ್ದ ಹೆಚ್ಚಾದಂತೆ ದರ ಏರುತ್ತದೆ, ಏಕೆಂದರೆ ಅಷ್ಟುದ್ದ ನೆಟ್ಟಗೆ ಬೆಳೆದ ಮರ ಕಡಿಮೆ. ಎರಡು ತುಂಡು ತಂದು ನಡುಗಂಬದ ಮೇಲೆ ಬೆಸೆದರೆ ಆ ಏರಿಕೆ ತಪ್ಪುತ್ತದೆ. ಅದಕ್ಕೇ ಮಿಲ್ಲಿನವರಿಗೆ ‘ಸಿಎಫ್‌ಟಿಗೆ ಎಷ್ಟು’ ಅಂತ ಸುಮ್ನೆ ಕೇಳಬೇಡಿ. ನಿಮ್ಮ ಪಟ್ಟಿಯನ್ನೇ ಕೊಡಿ. ಇಷ್ಟು ಅಳತೆ, ಇಷ್ಟು ಉದ್ದ, ಇಷ್ಟು ತುಂಡು, ಒಂದೊಂದಕ್ಕೂ ದರ ಬರೆದು ಕೊಡಿ ಅನ್ನಿ.

ಉದ್ದ ಬರೆಯುವಾಗ ಇನ್ನೊಂದು ಎಚ್ಚರ. ನನ್ನ ಮೊದಲ ಮನೆಯಲ್ಲಿ ನಾನು ಕಂಬದಿಂದ ಕಂಬಕ್ಕೆ ಇರುವ ಒಳ ಅಳತೆಯನ್ನೇ ಬರೆದು ಕೊಟ್ಟೆ. ಎರಡು ತುದಿಯ ನಾಲಿಗೆಯ ಉದ್ದ ಸೇರಿಸಲು ಮರೆತಿದ್ದೆ. ಮರ ಬಂತು, ಚೆಂದದ ಮರ. ಪ್ರತಿಯೊಂದೂ 8 ಇಂಚು ಗಿಡ್ಡ. ಆ ಮರದಲ್ಲಿ ಕೊನೆಗೆ ಮೆಟ್ಟಿಲು ಮಾಡಿದೆವು. ಬಡಗಿಗಳು ನನ್ನನ್ನು ‘ಎಂಟಿಂಚು’ ಅಂತ ಕರೆಯೋದನ್ನು ಬಿಡೋಕೆ ಒಂದು ವರ್ಷ ಬೇಕಾಯಿತು.

ದಿಮ್ಮಿ ತಂದು ಕೊಯ್ಸುವ ಯೋಚನೆ ಇದ್ದರೆ ಲೆಕ್ಕ ಬೇರೆ. ಉರುಟು ದಿಮ್ಮಿಯಿಂದ ಚೌಕ ತೊಲೆ ತೆಗೆಯುವಾಗ, ದಿಮ್ಮಿ ಎಷ್ಟೇ ನೆಟ್ಟಗೆ, ಎಷ್ಟೇ ದುಂಡಗೆ ಇದ್ದರೂ ನೂರಕ್ಕೆ 64ಕ್ಕಿಂತ ಜಾಸ್ತಿ ಸಿಗುವುದಿಲ್ಲ. ಅದು ವೃತ್ತದೊಳಗಿನ ಚೌಕದ ಲೆಕ್ಕ, ಯಾರೂ ಬದಲಿಸಲಾಗದು. ತುದಿ ಸಣ್ಣಗಾಗುವುದು, ಸೊಟ್ಟ ಇರುವುದು, ಬೆಳ್ಳಗಿನ ಹೊರಮರ ತೆಗೆಯುವುದು ಎಲ್ಲ ಸೇರಿದರೆ ಇನ್ನೂ ಇಳಿಯುತ್ತದೆ. ಇದರ ಜೊತೆಗೆ ದಿಮ್ಮಿ ಅಳೆಯುವ ಹಳೆಯ ರೀತಿ ಒಂದಿದೆ. ಸುತ್ತಳತೆಯ ಕಾಲು ಭಾಗ ಹಿಡಿದು, ಅದರ ವರ್ಗವನ್ನು ಉದ್ದದಿಂದ ಗುಣಿಸುವುದು. ಈ ಲೆಕ್ಕದ ಒಂದು ಅಡಿ ಅಂದರೆ ನಿಜವಾದ ಘನ ಅಡಿಯ 1.27ರಷ್ಟು. ಮಿಲ್ಲಿನಲ್ಲಿ ಆಗುವ ನಷ್ಟಕ್ಕೆ ಒಂದು ಅಂದಾಜು ವಿನಾಯಿತಿ ಅದರೊಳಗೇ ಇದೆ. ಹಾಗಾಗಿ ಒಬ್ಬರು ಕಾಲು ಸುತ್ತಳತೆಯಲ್ಲಿ ದರ ಹೇಳಿ, ಇನ್ನೊಬ್ಬರು ಪೂರ್ತಿ ಘನ ಅಡಿಯಲ್ಲಿ ಹೇಳಿದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಡಿ. ಮೊದಲು ಒಂದೇ ಅಳತೆಗೆ ತನ್ನಿ. ಬದಿಯಲ್ಲಿ ಉಳಿಯುವ ಹೋಳುಗಳನ್ನು ಮಿಲ್ಲಿನಲ್ಲೇ ಬಿಟ್ಟು ಬರಬೇಡಿ, ರೀಪಿಗೂ ಗೋಡೆಯ ಹಲಗೆಗೂ ಆಗುತ್ತವೆ.

ಇಷ್ಟಾದರೆ ಮರದ ಲೆಕ್ಕ ಮುಗಿಯಿತು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಮರದ ಬೆಲೆಗೆ ಇಷ್ಟು ಅಂತ ಕೂಲಿ ಸೇರಿಸಿ ಎಸ್ಟಿಮೇಟ್ ಮುಗಿಸುತ್ತಾರೆ. ತಪ್ಪು ಆಗುವುದು ಇಲ್ಲೇ. ಬಡಗಿಯ ಸಮಯ ತಿನ್ನುವುದು ಮರವಲ್ಲ, ಜಾಯಿಂಟ್.

ಅದೇ ಚೌಕಟ್ಟಿನ ಜಾಯಿಂಟ್ ಎಣಿಸೋಣ. ಕಂಬದ ಬುಡ 12. ಕಂಬದ ತಲೆಗೂ ಅಡ್ಡ ತೊಲೆಗೂ 12. ಉದ್ದ ತೊಲೆ ಕೂರುವ ಜಾಗ 8. ಪಕಾಸಿಯ ಬುಡ 8, ಎರಡು ಪಕಾಸಿ ನೆತ್ತಿಯಲ್ಲಿ ಸೇರುವುದು 4. ಪರ್ಲಿನ್ ಮತ್ತು ನೆತ್ತಿಯ ತೊಲೆ ಕೂರಲು ಕಚ್ಚು 28. ಉದ್ದದ ಮರಗಳನ್ನು ಎರಡು ತುಂಡಿನಿಂದ ಬೆಸೆಯುವುದು 9. ಬ್ರೇಸ್ 24, ಒಂದೊಂದಕ್ಕೆ ಎರಡು ತುದಿ, ಹಾಗಾಗಿ 48. ಒಟ್ಟು 129. ಅಡ್ಡ ತೊಲೆಯನ್ನೂ ಎರಡು ತುಂಡು ಮಾಡಿದರೆ ಇನ್ನೂ ನಾಲ್ಕು.

ಈಗ ಬ್ರೇಸ್ ಕಡೆ ಮತ್ತೊಮ್ಮೆ ನೋಡಿ. ಮರದಲ್ಲಿ ಅದರ ಪಾಲು 276ರಲ್ಲಿ 16, ನೂರಕ್ಕೆ ಆರು. ಜಾಯಿಂಟಿನಲ್ಲಿ 129ಕ್ಕೆ 48, ಮೂರನೇ ಒಂದಕ್ಕಿಂತ ಜಾಸ್ತಿ. ಅದೂ ಓರೆ ಜಾಯಿಂಟ್, ನೇರದ್ದಕ್ಕಿಂತ ಗುರುತು ಹಾಕುವುದು ನಿಧಾನ. ಸಿಎಫ್‌ಟಿ ಮೇಲೆ ಕೂಲಿ ಹಾಕಿದವನು ಈ ಕೆಲಸವನ್ನು ಲೆಕ್ಕಕ್ಕೇ ತಗೊಂಡಿಲ್ಲ. ಅವನು ಒಂದೋ ನಷ್ಟ ಮಾಡಿಕೊಂಡು ಕೆಲಸ ನಡುವೆ ನಿಲ್ಲಿಸುತ್ತಾನೆ, ಇಲ್ಲಾ ನಾಲಿಗೆ ತೆಗೆಯುವ ಬದಲು ಕಬ್ಬಿಣದ ಪಟ್ಟಿ ಬಡಿದು ಮುಗಿಸುತ್ತಾನೆ. ಹಾಗಂತ ಬ್ರೇಸ್ ಕಡಿಮೆ ಮಾಡೋಣ ಅಂತ ಹೊರಡಬೇಡಿ. ಗಾಳಿಗೂ ಭೂಕಂಪಕ್ಕೂ ಚೌಕಟ್ಟು ಓಲದಂತೆ ಹಿಡಿದಿರುವುದು ಅವೇ. ಎಷ್ಟು ಬೇಕೆಂದು ಎಂಜಿನಿಯರ್ ಹೇಳಲಿ. ಬರೀ ಚೆಂದಕ್ಕೆ ಸೇರಿಸಿದ್ದು ಎಷ್ಟು ಅಂತ ಮಾತ್ರ ನೀವು ಕೇಳಿ. ಅಟ್ಟದ ಆಸೆಗೂ ಇದೇ ಲೆಕ್ಕ. ನಡುವಿನ 12 ಅಡಿಯ ಅಂಕಣಕ್ಕೆ ಮಾತ್ರ ಅಟ್ಟ ಅಂದರೂ 13 ಜಂತೆ ಬೇಕು, 4ಕ್ಕೆ 6ರದ್ದಾದರೆ 26 ಸಿಎಫ್‌ಟಿ. ಏನಷ್ಟು ದೊಡ್ಡದಲ್ಲ ಅನ್ನಿಸುತ್ತದೆ. ಜಾಯಿಂಟ್ ಮಾತ್ರ 26 ಹೆಚ್ಚುತ್ತದೆ.

ಒಂದು ಜಾಯಿಂಟಿಗೆ ಎಷ್ಟು ಹೊತ್ತು? ಇದಕ್ಕೆ ಪುಸ್ತಕದ ಉತ್ತರ ಬೇಡ. ಮರದ ಜಾತಿ, ಉಪಕರಣ, ಬಡಗಿಯ ಕೈ ಎಲ್ಲ ಸೇರಿ ಬದಲಾಗುತ್ತದೆ. ಉಳಿ, ಸುತ್ತಿಗೆಯಲ್ಲಿ ಮಾಡುವವರಿಗೂ ತೂತು ಕೊರೆಯುವ ಚೈನ್ ಮಷಿನ್ ಇರುವವರಿಗೂ ಬಹಳ ವ್ಯತ್ಯಾಸ. ನಾನು ಹೇಳುವ ಉಪಾಯ ಇದು. ಕೆಲಸ ಒಪ್ಪಿಸುವ ಮೊದಲು ಅದೇ ಜಾತಿಯ ಮರದಲ್ಲಿ ಒಂದು ನೇರ ಜಾಯಿಂಟ್, ಒಂದು ಬ್ರೇಸ್ ಜಾಯಿಂಟ್ ಮಾಡಿಸಿ. ಕೂಲಿ ಕೊಟ್ಟೇ ಮಾಡಿಸಿ. ಗುರುತು ಹಾಕುವುದರಿಂದ ಹಿಡಿದು ಗೂಟ ಹೊಡೆಯುವವರೆಗೆ ಗಡಿಯಾರ ನೋಡಿ. ಸರಾಸರಿ ಎರಡೂವರೆ ಗಂಟೆ ಬಂತು ಅಂತಿಟ್ಟುಕೊಳ್ಳಿ. 129 ಜಾಯಿಂಟಿಗೆ 322 ಗಂಟೆ, ದಿನಕ್ಕೆ 8 ಗಂಟೆಯಂತೆ ಒಬ್ಬ ಬಡಗಿಗೆ 40 ದಿನ. ನಾಲ್ಕು ಗಂಟೆ ಬಂದರೆ 64 ದಿನ ದಾಟುತ್ತದೆ. ಆ ಎರಡು ಜಾಯಿಂಟ್ ನಿಮಗೆ ಕೈಕೆಲಸದ ಗುಣವನ್ನೂ ತೋರಿಸುತ್ತವೆ. ಯಾವ ಕೋಟೇಶನ್ನಿನಲ್ಲೂ ಅದು ಕಾಣುವುದಿಲ್ಲ.

ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಯಂತ್ರಗಳೂ ಇವೆ. ಜರ್ಮನಿಯ ಹುಂಡೆಗರ್ ಕಂಪನಿ ಈ ಕೆಲಸಕ್ಕೆ ಹೆಸರಾದದ್ದು. ಒಂದೇ ಥರದ ಜಾಯಿಂಟ್ ಬಹಳ ಇದ್ದರೆ ಯಂತ್ರ ಗೆಲ್ಲುತ್ತದೆ. ಒಂದೊಂದು ತೊಲೆಯೂ ಒಂದೊಂದು ಥರ, ಸೊಟ್ಟ, ಹಳೆಯ ಮನೆಯದ್ದು ಅಂದರೆ ಕೈಯೇ ಗತಿ.

ಮಾಡಿನ ಆಕಾರವೂ ಜಾಯಿಂಟಿನ ವಿಷಯವೇ. ಎರಡು ಇಳಿಜಾರಿನ ಸರಳ ಮಾಡಿನಲ್ಲಿ ಎಲ್ಲ ಪಕಾಸಿಗೂ ಒಂದೇ ಕೋನ. ಒಂದಕ್ಕೆ ಅಚ್ಚು ಮಾಡಿಕೊಂಡರೆ ಎಂಟಕ್ಕೂ ಆಯಿತು. ನಾಲ್ಕು ಇಳಿಜಾರು ಮಾಡಿದರೆ, ಅಥವಾ ಪಕ್ಕಕ್ಕೆ ಒಂದು ರೆಕ್ಕೆ ಸೇರಿಸಿ ಎರಡು ಮಾಡು ಕೂಡುವಂತೆ ಮಾಡಿದರೆ, ಮೂಲೆಯ ಮರಗಳು ಎರಡು ದಿಕ್ಕಿಗೂ ಓರೆಯಾಗುತ್ತವೆ. ಅಂಥ ಒಂದು ಜಾಯಿಂಟಿಗೆ ಒಳ್ಳೆಯ ಬಡಗಿ ಕೂಡ ಅರ್ಧ ದಿನ ಕೂರುತ್ತಾನೆ. ಚಿತ್ರದಲ್ಲಿ ಅದು ಒಂದು ಗೆರೆ ಅಷ್ಟೇ.

ಇನ್ನೊಂದು ಮರೆತುಹೋಗುವ ಖರ್ಚು ಮೇಲ್ಮೈ. ಮರ ಕಾಣಬೇಕು ಅಂದರೆ ಕೀಸಬೇಕು, ಉಜ್ಜಬೇಕು, ಎಣ್ಣೆ ಹಚ್ಚಬೇಕು. ನಮ್ಮ ಚೌಕಟ್ಟಿನ ಪ್ರತಿ ಮರದ ನಾಲ್ಕು ಮುಖ ಬಿಚ್ಚಿ ಹಾಸಿದರೆ ಸುಮಾರು 1,870 ಚದರ ಅಡಿ. ಮನೆಯ ನೆಲ 864 ಮಾತ್ರ. ಎರಡು ಕೋಟ್ ಅಂದರೆ 3,740. ಮನೆಯವರು ‘ಎಣ್ಣೆ ಹಚ್ಚೋದು ನಾವೇ ಮಾಡ್ತೀವಿ’ ಅನ್ನುತ್ತಾರೆ. ಮಾಡಿ, ಒಳ್ಳೆಯದೇ. ಆದರೆ ಮರ ಮೇಲೇರುವ ಮೊದಲು, ನೆಲದ ಮೇಲೆ ಇರುವಾಗಲೇ ಮಾಡಿ. ನಿಲ್ಲಿಸಿದ ಮೇಲೆ ಪರ್ಲಿನ್ನಿನ ಅಡಿಗೆ ಕತ್ತು ಎತ್ತಿ ಹಚ್ಚುವ ಕೆಲಸ ಯಾರಿಗೂ ಬೇಡ. ಇನ್ನೂ ಒಂದು ಮಾತು: 8 ಇಂಚಿನ ಮರ ಕೀಸಿದ ಮೇಲೆ ಏಳೂವರೆ, ಏಳೂ ಮುಕ್ಕಾಲು ಆಗಿರುತ್ತದೆ. ದುಡ್ಡು ಕೊಡುವುದು ಎಂಟಕ್ಕೇ. ಎಂಜಿನಿಯರ್ ಲೆಕ್ಕ ಯಾವ ಅಳತೆಯದ್ದು ಅಂತ ಮೊದಲೇ ಮಾತಾಡಿಕೊಳ್ಳಿ.

ಹಸಿ ಮರವೋ ಒಣ ಮರವೋ ಅನ್ನುವುದು ದರವನ್ನು ಬಹಳ ಅಲುಗಾಡಿಸುತ್ತದೆ. ಗಾಳಿಯಲ್ಲಿ ಒಣಗಲು ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಬಡಗಿಗಳ ಹಳೆಯ ಲೆಕ್ಕ. 8 ಇಂಚಿನ ಕಂಬಕ್ಕೆ ಎಷ್ಟಾಯಿತು ನೋಡಿ. ಅಷ್ಟು ವರ್ಷ ಯಾರೂ ಕಾಯುವುದಿಲ್ಲ. ಅದಕ್ಕೇ ಲೋಕದ ಎಷ್ಟೋ ಹಳೆಯ ಚೌಕಟ್ಟುಗಳು ಹಸಿ ಮರದಲ್ಲೇ ಆದವು, ನಿಂತಲ್ಲೇ ಒಣಗಿದವು. ಹಸಿ ಮರ ಅಗ್ಗ, ಉಳಿಗೆ ಮೆತ್ತಗೆ. ಆದರೆ ಕುಗ್ಗುತ್ತದೆ. ಮರದ ತೇವ ನೂರಕ್ಕೆ 30ರ ಹತ್ತಿರಕ್ಕೆ ಇಳಿಯುವವರೆಗೆ ಏನೂ ಆಗುವುದಿಲ್ಲ, ಅಲ್ಲಿಂದ ಕೆಳಗೆ ಕುಗ್ಗಲು ಶುರು. ಉದ್ದದಲ್ಲಿ ಗೊತ್ತೇ ಆಗದಷ್ಟು, ಅಡ್ಡಕ್ಕೆ ಜಾಸ್ತಿ. 8 ಇಂಚಿನ ತೊಲೆ ಕಾಲು ಇಂಚು ಸಣ್ಣಗಾದರೆ ಆಶ್ಚರ್ಯವಿಲ್ಲ. ಆಗ ಗೋಡೆಗೂ ಕಂಬಕ್ಕೂ ನಡುವೆ ಸಂದು ಬಿಡುತ್ತದೆ, ಗಾಳಿ, ನೀರು, ಇರುವೆ ಎಲ್ಲಕ್ಕೂ ದಾರಿ. ಹಸಿ ಮರದಲ್ಲಿ ಉಳಿಸಿದ ದುಡ್ಡಿನಲ್ಲಿ ಒಂದು ಪಾಲನ್ನು ಆ ಸಂದು ಮುಚ್ಚುವ ಕೆಲಸಕ್ಕೆ ಎತ್ತಿಡಿ. ಒಂದೆರಡು ವರ್ಷ ಬಿಟ್ಟು ಮತ್ತೊಮ್ಮೆ ಮುಚ್ಚಬೇಕಾಗುತ್ತದೆ. ಗೂಟ ಮಾತ್ರ ಚೆನ್ನಾಗಿ ಒಣಗಿದ ಗಟ್ಟಿ ಮರದ್ದೇ ಇರಲಿ. ಹಸಿ ಮರದ ಗೂಟ ತಾನೂ ಕುಗ್ಗಿ ಸಡಿಲ ಬೀಳುತ್ತದೆ.

ಕಂಬದ ಮೇಲೆ ಬಿರುಕು ಕಂಡರೆ ಗಾಬರಿ ಬೇಡ. ದೊಡ್ಡ ಮರ ಒಣಗುವಾಗ ಬಿರಿಯುವುದು ಸಹಜ. ಜಾಯಿಂಟಿನ ಒಳಗೆ ಹೋಗಿ ಗೂಟದ ಸಾಲಿನಲ್ಲೇ ಸೀಳಿದರೆ ಮಾತ್ರ ಎಂಜಿನಿಯರ್‌ಗೆ ತೋರಿಸಿ.

ಹಳೆಯ ಕಟ್ಟಡ ಕೆಡವಿದ ಮರ ಅಗ್ಗ ಅಂತ ಕೆಲವರು ಹೇಳುತ್ತಾರೆ. ಒಣಗಿ ಕೂತಿರುತ್ತದೆ, ಕುಗ್ಗುವುದಿಲ್ಲ, ಅದು ನಿಜ. ಆದರೆ ಮೊಳೆ ಹುಡುಕಿ ಕೀಳುವ ಕೂಲಿ, ಒಂದು ಮೊಳೆಗೆ ಹಾಳಾಗುವ ಗರಗಸದ ಅಲಗು, ಹಳೆಯ ತೂತು ಬಿಟ್ಟು ಉಳಿಯುವ ಉದ್ದ, ಇದನ್ನೆಲ್ಲ ಸೇರಿಸಿದ ಮೇಲೆ ಅಗ್ಗ ಅನ್ನುವ ಮಾತು ಹೇಳಿ. ನನಗೆ ಹಳೆಯ ಮರ ಇಷ್ಟ. ಅಗ್ಗ ಅಂತ ಅಲ್ಲ.

ಈಗ ಖರ್ಚಿನ ಐದು ಭಾಗದಲ್ಲಿ ಚೌಕಟ್ಟು ಬಿಟ್ಟು ಉಳಿದ ನಾಲ್ಕು ಭಾಗಕ್ಕೆ ಬನ್ನಿ. ದೊಡ್ಡ ದುಡ್ಡು ಇಲ್ಲಿದೆ, ಚದರಡಿ ದರದ ಮೋಸವೂ ಇಲ್ಲಿದೆ. ನಿಮ್ಮ ನೆಲ 864 ಚದರ ಅಡಿ. ಮಾಡು ಎಷ್ಟು? ಒಂದು ಇಳಿಜಾರು ಹದಿನೇಳೂವರೆ ಅಡಿ, ಉದ್ದ 40. ಎರಡೂ ಸೇರಿ 1,400. ಗೋಡೆ? ಸುತ್ತಳತೆ 120 ಅಡಿ, ಎತ್ತರ 10, ಅದಕ್ಕೆ ಎರಡು ತುದಿಯ ತ್ರಿಕೋನ ಸೇರಿಸಿದರೆ 1,416. ಅಂದರೆ ಹೊರಗಿನ ಚರ್ಮವೇ 2,816 ಚದರ ಅಡಿ, ನೆಲದ ಮೂರು ಪಟ್ಟಿಗಿಂತ ಜಾಸ್ತಿ. ಹೆಂಚು, ರೀಪು, ಶಾಖ ತಡೆಯುವ ಪದರ, ನೀರು ತಡೆಯುವ ಹಾಳೆ, ಹಲಗೆ ಎಲ್ಲವನ್ನೂ ಈ ಅಂಕಿಯ ಮೇಲೆ ಕೊಳ್ಳಬೇಕು, 864ರ ಮೇಲೆ ಅಲ್ಲ. ಅದೇ 864 ಚದರಡಿಯನ್ನು 12 ಅಡಿಗೆ 72 ಅಡಿಯ ಉದ್ದ ಮನೆಯಾಗಿ ಕಟ್ಟಿದರೆ ಸುತ್ತಳತೆ 168 ಆಗುತ್ತದೆ. ನೆಲ ಅಷ್ಟೇ, ಗೋಡೆ ನೂರಕ್ಕೆ 40 ಜಾಸ್ತಿ. ಚದರಡಿ ದರ ಹೇಳಿದವರು ನಿಮ್ಮ ಮನೆಯ ಆಕಾರ ಕೇಳಿದ್ದರಾ?

ಚೌಕಟ್ಟು ಭಾರ ಹೊರುತ್ತದೆ, ಗೋಡೆ ಬರೀ ಮುಚ್ಚುತ್ತದೆ. ಹಾಗಾಗಿ ಗೋಡೆಗೆ ಏನು ಬೇಕಾದರೂ ಹಾಕಬಹುದು: ಮಣ್ಣು, ಇಟ್ಟಿಗೆ, ಪಟ್ಟಿ ಮತ್ತು ಹಲಗೆ, ಕಾರ್ಖಾನೆಯ ಪ್ಯಾನೆಲ್. ದುಡ್ಡಿನ ಮಟ್ಟಿಗೆ ಹೇಳುವುದಾದರೆ, ಕಂಬಗಳ ಹೊರಗಡೆಯಿಂದ ಪ್ಯಾನೆಲ್ ಸುತ್ತಿದರೆ ಸಂದುಗಳು ಕಡಿಮೆ, ಕೆಲಸ ಬೇಗ. ಕಂಬಗಳ ನಡುವೆ ತುಂಬಿದರೆ ಹೊರಗಿನಿಂದಲೂ ಮರ ಕಾಣುತ್ತದೆ, ಆದರೆ ಪ್ರತಿ ಕಂಬದ ಎರಡು ಬದಿಯಲ್ಲೂ ಒಂದು ಸಂದು. ಚೆಂದ ಹೌದು, ದುಬಾರಿಯೂ ಹೌದು. ಕಾಣುವ ಮರದ ಮನೆಯಲ್ಲಿ ವೈರ್ ಅಡಗಿಸಲು ಜಾಗ ಕಡಿಮೆ. ಯಾವ ಕಂಬದ ಹಿಂದೆ, ಯಾವ ತೊಲೆಯ ಮೇಲೆ ವೈರ್ ಹೋಗುತ್ತದೆ ಅಂತ ಮರ ಕೊಯ್ಯುವ ಮೊದಲೇ ಎಲೆಕ್ಟ್ರಿಷಿಯನ್ ಜೊತೆ ಕೂತು ಗುರುತು ಮಾಡಿ. ಇಲ್ಲದಿದ್ದರೆ ಅವರು ನಿಮ್ಮ ಕಂಬಕ್ಕೆ ಡ್ರಿಲ್ ಹಿಡಿಯುತ್ತಾರೆ.

ಪಾಯದಲ್ಲಿ ಮಾತ್ರ ಉಳಿಸಬೇಡಿ. ನಾರ್ವೆಯ ಬೋರ್ಗುಂಡ್‌ನಲ್ಲಿ 12ನೇ ಶತಮಾನದ ಕೊನೆಗೆ ಕಟ್ಟಿದ ಮರದ ಚರ್ಚು ಇನ್ನೂ ನಿಂತಿದೆ. ಅದಕ್ಕಿಂತ ಮೊದಲಿನ ಚರ್ಚುಗಳಲ್ಲಿ ಕಂಬವನ್ನು ನೇರವಾಗಿ ಮಣ್ಣಿನಲ್ಲಿ ಹೂಳುತ್ತಿದ್ದರು, ಬುಡ ಕೊಳೆತು ಅವೆಲ್ಲ ಹೋದವು. ಬೋರ್ಗುಂಡ್ ಕಾಲದವರು ಕಲ್ಲಿನ ಮೇಲೆ ಅಡಿತೊಲೆ ಇಟ್ಟು ಅದರ ಮೇಲೆ ಕಂಬ ನಿಲ್ಲಿಸಿದರು. ನಿಮ್ಮ ಅಂದಾಜಿನಲ್ಲೂ ಕಂಬದ ಬುಡ ನೆಲದಿಂದ ಮೇಲೆ ಇರಲಿ, ತೇವ ಏರದಂತೆ ಅಡಿಗೆ ಪದರ ಇರಲಿ, ಗೆದ್ದಲಿನ ತಡೆಗೆ ಒಂದು ಸಾಲು ಇರಲಿ. ಸೂರಿನ ಆ 2 ಅಡಿ ಚಾಚನ್ನು ಕತ್ತರಿಸಿ ಉಳಿಸೋಣ ಅನ್ನುವವರಿಗೂ ಇದೇ ಉತ್ತರ.

ನಿಲ್ಲಿಸುವ ದಿನದ ಖರ್ಚು ಬೇರೆ ಬರೆದುಕೊಳ್ಳಿ. ನಮ್ಮ 24 ಅಡಿಯ ಅಡ್ಡ ತೊಲೆ ಒಂದು 13 ಸಿಎಫ್‌ಟಿ. ಹಸಿಯಾದ ಗಟ್ಟಿ ಮರವಾದರೆ ಅದು 380 ಕಿಲೋ ತೂಗಬಹುದು, ಒಣಗಿದ ಹಗುರ ಜಾತಿಯಾದರೆ 200. ಕಂಬಗಳ ಸಮೇತ ಒಂದು ಸಾಲನ್ನು ನೆಲದ ಮೇಲೆ ಜೋಡಿಸಿ ಎತ್ತುವುದಾದರೆ ಕ್ರೇನ್ ಬೇಕು. ಕ್ರೇನ್ ಬರಲು ದಾರಿ ಬೇಕು. ಒಂದು ದಿನದ ಕೆಲಸ ಅಂತ ಬಾಡಿಗೆ ಹಿಡಿದು, ಜಾಯಿಂಟ್ ಕೂರದೆ ಮೂರು ದಿನ ಕ್ರೇನ್ ಸುಮ್ಮನೆ ನಿಂತ ಜಾಗಗಳನ್ನು ನೋಡಿದ್ದೇನೆ. ಕಳುಹಿಸುವ ಮೊದಲು ಕೆಲಸದ ಅಂಗಳದಲ್ಲೇ ಎಲ್ಲ ಜಾಯಿಂಟ್ ಒಮ್ಮೆ ಕೂರಿಸಿ ನೋಡುತ್ತೀರಾ ಅಂತ ಕೋಟೇಶನ್ ಕೊಡುವವರನ್ನು ಕೇಳಿ. ಅದಕ್ಕೆ ಸ್ವಲ್ಪ ಜಾಸ್ತಿ ಕೇಳಿದರೆ ಕೊಡಿ.

ಕೊನೆಗೆ ಎತ್ತಿಡುವ ಹಣ. ಮರದ ಮನೆ ಮೊದಲ ಸಲ ಕಟ್ಟಿಸುವವರಿಗೆ ನಾನು ಒಟ್ಟು ಮೊತ್ತದ ನೂರಕ್ಕೆ 15 ಅನ್ನುತ್ತೇನೆ. ಚಿತ್ರ ಪೂರ್ತಿಯಾಗಿ ಎಲ್ಲ ತುಂಡುಗಳ ಪಟ್ಟಿ ಕೈಯಲ್ಲಿದ್ದರೆ 10 ಸಾಕು.

ಮರದ ದರಕ್ಕೆ ಚೌಕಾಸಿ ಮಾಡಿ ಸುಸ್ತಾಗುವವರಿಗೆ ಒಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ. ಚೌಕಟ್ಟು ಮನೆಯ ಐದನೇ ಒಂದು ಭಾಗ. ಅದರಲ್ಲಿ ಮರ ಅರ್ಧ ಅಂತಿಟ್ಟುಕೊಳ್ಳಿ, ಉಳಿದದ್ದು ಕೂಲಿ, ಸಾಗಣೆ. ನೀವು ಜಗಳ ಮಾಡಿ ಮರದಲ್ಲಿ ನೂರಕ್ಕೆ 10 ಇಳಿಸಿದರೆ ಇಡೀ ಮನೆಯಲ್ಲಿ ಉಳಿದದ್ದು ನೂರಕ್ಕೆ ಒಂದು. ಒಂದು ಬೇಡದ ಮೂಲೆ ತೆಗೆದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ.

ನಿಮ್ಮ ಇಬ್ಬರ ಹತ್ತಿರಕ್ಕೆ ಮತ್ತೆ ಹೋಗಿ. ಇಬ್ಬರಿಗೂ ಒಂದೇ ಚಿತ್ರ ಕೊಡಿ. ಮರದ ಜಾತಿ, ಹಸಿಯೋ ಒಣವೋ, ಕೀಸಿದ್ದೋ ಗರಗಸದ್ದೋ ಅಂತ ನೀವೇ ಬರೆದು ಕೊಡಿ. ಮರ, ಜಾಯಿಂಟ್ ಕೂಲಿ, ಎಣ್ಣೆ, ಸಾಗಣೆ, ನಿಲ್ಲಿಸುವುದು, ಮುಚ್ಚುವುದು, ಇವಕ್ಕೆ ಬೇರೆ ಬೇರೆ ಸಾಲಿನಲ್ಲಿ ಮೊತ್ತ ಕೇಳಿ. ಆಮೇಲೆ ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿ: ‘ಇದರಲ್ಲಿ ಜಾಯಿಂಟ್ ಎಷ್ಟಿವೆ?’ ಎಣಿಸಿದವರು ತಕ್ಷಣ ಹೇಳುತ್ತಾರೆ.